ಮೊದಲ ಹಿಮಕ್ಕೆ ಕೊಡಚಾದ್ರಿಯ ಧೈರ್ಯ ಸಾಲದು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಗೆಳೆಯರ ಗುಂಪುಗಳು ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್‌ಗಳಿಗೆ ಹಿಮದ ಚಾರಣಕ್ಕೆ ಹೊರಡುವುದು ಈಗ ಮಾಮೂಲಾಗಿದೆ. ಹೋಗಲಿ, ಒಳ್ಳೆಯದೇ. ಆದರೆ ಬ್ಯಾಗಿನ ಜತೆ ‘ಕೊಡಚಾದ್ರಿ ಹತ್ತಿದವರಿಗೆ ಇದೇನು ಮಹಾ’ ಎಂಬ ಧೈರ್ಯವೂ ಹೊರಡುತ್ತದಲ್ಲ, ನಮ್ಮ ತಕರಾರು ಅದರ ಮೇಲೆ. ಮಲೆನಾಡಿನ ನಡಿಗೆ ಕಾಲಿಗೆ ಕಸುವು ಕೊಡುತ್ತದೆ, ನಿಜ. ಅದೇ ನಡಿಗೆ ಕಲಿಸಿದ ಕೆಲವು ಅಭ್ಯಾಸಗಳು ಹಿಮದಲ್ಲಿ ಕೈಕೊಡುತ್ತವೆ.

ನೆನೆಯುವುದೆಂದರೆ ನಮಗೆ ಲೆಕ್ಕಕ್ಕಿಲ್ಲ. ಮಳೆಯಲ್ಲಿ ತೊಯ್ದು ತೊಪ್ಪೆಯಾದರೂ ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂತರೆ ಮುಗಿಯಿತು. ಅಲ್ಲಿ ಹಾಗಲ್ಲ. ಎತ್ತರವೊಂದನ್ನೇ ಹಿಡಿದರೂ 1000 ಮೀಟರಿಗೆ ಸುಮಾರು 6.5 ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ಕೊಡಚಾದ್ರಿಯ 1343 ಮೀಟರಿಗೂ ಕೇದಾರಕಂಠದ ಸುಮಾರು 3800 ಮೀಟರಿಗೂ ನಡುವೆ 16 ಡಿಗ್ರಿ ವ್ಯತ್ಯಾಸ ಅಷ್ಟರಲ್ಲೇ ಬಂತು. ಉತ್ತರದ ಚಳಿಗಾಲ, ಗಾಳಿ ಬೇರೆ. ಆ ಚಳಿಯಲ್ಲಿ ಮೈ ಒದ್ದೆ ಮಾಡುವುದು ಹೆಚ್ಚಾಗಿ ನಮ್ಮದೇ ಬೆವರು. ಹತ್ತಿ ಬಟ್ಟೆ ಅದನ್ನು ಹಿಡಿದಿಟ್ಟುಕೊಂಡು ಮೈಯ ಕಾವನ್ನೆಲ್ಲ ಕಳೆಯುತ್ತದೆ. ಆದ್ದರಿಂದ ಹೊರಡುವಾಗ ತುಸು ಚಳಿ ಎನ್ನಿಸುವಷ್ಟೇ ಬಟ್ಟೆ ತೊಟ್ಟಿರಬೇಕು. ಹತ್ತು ನಿಮಿಷ ನಡೆದ ಮೇಲೆ ನಿಂತು ಒಂದು ಪದರ ಕಳಚಬೇಕು, ವಿಶ್ರಾಂತಿಗೆ ಕೂತ ತಕ್ಷಣ ಮತ್ತೆ ತೊಡಬೇಕು. ಒಳಗೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಮೆತ್ತನೆಯ ಫ್ಲೀಸ್ ಅಂಗಿ, ಶಿಬಿರದಲ್ಲಿ ಹಕ್ಕಿಯ ತುಪ್ಪಳ ತುಂಬಿದ ಡೌನ್ ಜಾಕೆಟ್, ಎಲ್ಲದರ ಮೇಲೆ ಗಾಳಿ ತಡೆಯುವ ಕೋಟು. ಜೀನ್ಸ್ ಬೇಡವೇ ಬೇಡ. ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗುತ್ತಿದ್ದ ಅಜ್ಜಂದಿರೇ ಈ ವಿಷಯದಲ್ಲಿ ವಾಸಿ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ.

ಶೂ ವಿಷಯದಲ್ಲಿ ನಮ್ಮ ಊರಿನ ಹವೆಯೇ ಶತ್ರು. ಹಲವು ಚಾರಣದ ಶೂಗಳ ಅಟ್ಟೆಯೊಳಗಿನ ಮೆತ್ತೆ ಪಾಲಿಯುರಿಥೇನಿನದು. ನಾಲ್ಕಾರು ಮಳೆಗಾಲ ಅಟ್ಟದ ಮೇಲೋ ಕಪಾಟಿನಲ್ಲೋ ಸುಮ್ಮನೆ ಬಿದ್ದಿದ್ದರೆ ಗಾಳಿಯ ತೇವ ಅದನ್ನು ಒಳಗಿಂದಲೇ ಶಿಥಿಲಗೊಳಿಸುತ್ತದೆ. ಹೊರಗೆ ಹೊಸದರಂತೆಯೇ ಕಾಣುವ ಶೂ ಎರಡು ದಿನ ನಡೆದೊಡನೆ ಅಟ್ಟೆ ಕಳಚಿ ಬಾಯಿ ಬಿಡುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಅಂಚನ್ನು ಬಲವಾಗಿ ಒತ್ತಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅದು ಹಿಮಕ್ಕೆ ಆಗದು. ಹೊಸದನ್ನು ಕೊಳ್ಳುವುದಾದರೆ ದಪ್ಪ ಕಾಲುಚೀಲ ಹಾಕಿಯೂ ಬೆರಳು ಆಡಿಸಲು ಬರುವ ಅಳತೆಯದನ್ನು ಆರಿಸಿ. ಬಿಗಿ ಶೂ ರಕ್ತದ ಓಟ ತಡೆಯುತ್ತದೆ, ಬೆರಳು ಮರಗಟ್ಟುವುದು ಅಲ್ಲಿಂದಲೇ ಶುರು. ಇಂಬಳದ ಕಾಲುಚೀಲ ಗೇಟರ್‌ನ ಕೆಲಸ ಮಾಡುವುದಿಲ್ಲ. ಶೂ ಬಾಯಿಂದ ಮೊಣಕಾಲಿನವರೆಗೆ ಮುಚ್ಚುವ, ನೀರು ಹೀರದ ಗೇಟರ್ ಬೇರೆಯೇ ಬೇಕು.

ಇನ್ನು ಹಿಮದ ಮಾತು. ಫೆಬ್ರುವರಿಯ ಆಳವಾದ ಹಿಮಕ್ಕಿಂತ ಡಿಸೆಂಬರಿನ ತೆಳು ಹಿಮ ಸುಲಭ ಎಂದು ಬಹಳ ಜನ ತಿಳಿದಿದ್ದಾರೆ. ನಡೆಯುವವನ ಕಾಲಿಗೆ ಅನೇಕ ಸಲ ಇದು ಉಲ್ಟಾ. ಹಳೆಯ ಹಿಮ ಕೂತು ಗಟ್ಟಿಯಾಗಿರುತ್ತದೆ, ಅದರಲ್ಲಿ ದಾರಿ ತುಳಿದು ಸಿದ್ಧವಾಗಿರುತ್ತದೆ. ಮೊದಲ ಹಿಮ ಕಲ್ಲು, ಪೊದೆ, ಬಿದ್ದ ಮರಗಳನ್ನು ಬರೀ ಮುಚ್ಚಿರುತ್ತದೆ. ಬಂಡೆಯ ಪಕ್ಕದಲ್ಲೋ ಪೊದೆಯ ಮೇಲೋ ಹಿಮದಡಿ ಟೊಳ್ಳಿದ್ದರೆ ಕಾಲು ಮೊಣಕಾಲಿನವರೆಗೆ ಇಳಿದು ಕಣಕಾಲು ಉಳುಕುತ್ತದೆ. ಕೋಲಿನಿಂದ ಚುಚ್ಚಿ ನೋಡಿ, ಬಂಡೆಯಿಂದ ಒಂದು ಮಾರು ದೂರ ನಡೆಯುವುದು ಲೇಸು. ಮಧ್ಯಾಹ್ನ ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನಸುಕಿನಲ್ಲಿ ಹೆಡ್‌ಲ್ಯಾಂಪ್ ಬೆಳಕಿಗೆ ಅದು ಒದ್ದೆ ಮಣ್ಣಿನಂತೆ ಕಾಣುತ್ತದೆ. ಅಲ್ಲಿ ಶೂ ಅಡಿಗೆ ತೊಡಿಸುವ, ಲೋಹದ ಹಲ್ಲುಗಳ ಮೈಕ್ರೋಸ್ಪೈಕ್ ಬೇಕು, ಜಾರಿದ ಮೇಲಲ್ಲ, ಜಾರುವ ಜಾಗಕ್ಕೆ ಮೊದಲೇ. ಮೆತ್ತನೆಯ ಹೊಸ ಹಿಮದಲ್ಲಿ ಅದರ ಹಲ್ಲುಗಳ ನಡುವೆ ಉಂಡೆ ಕಟ್ಟಿಕೊಂಡು ಹಿಡಿತ ತಪ್ಪುತ್ತದೆ. ಆಗಾಗ ಕೋಲಿನಿಂದ ತಟ್ಟಿ ಉದುರಿಸಬೇಕು.

ಹತ್ತುವಾಗ ಶೂ ತುದಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಿ. ಇಳಿಯುವಾಗ, ಹಿಮ ಮೆತ್ತಗಿದ್ದರೆ, ಹಿಮ್ಮಡಿ ಊರಿ ಮೈಭಾರ ಮುಂದಕ್ಕೆ ಬಿಡಿ. ಕೆಸರಿನ ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ಗಿಡದ ಬುಡ ಹಿಡಿಯುವ ನಮ್ಮ ಅಭ್ಯಾಸ ಇಲ್ಲಿ ನೇರ ಕುಂಡೆಯ ಮೇಲೆ ಕೂರಿಸುತ್ತದೆ. ದಾರಿ ತುಳಿಯುವ ಮುಂದಿನವರು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬದಲಾಗಬೇಕು.

ಕಾಲಿನ ಕಸುವಿಗೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. 3800 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ತಲೆನೋವಿನ ಜತೆ ವಾಕರಿಕೆ ಬಂದರೆ ಮೇಲೆ ಹೋಗುವುದು ನಿಲ್ಲಿಸಿ. ಕೂತಲ್ಲೇ ಏದುಸಿರು ಬಂದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗುವಂತೆ ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಬೆಳಗಾಗಲೆಂದು ಕಾಯದೆ ಆಗಲೇ ಕೆಳಗಿಳಿಸಿ. ಎತ್ತರದ ಕಾಯಿಲೆ ತಡೆಯಲು ಬಳಸುವ ಅಸೆಟಾಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಅವರಿಗೆ ಮೊದಲೇ ಹೇಳಬೇಕು. ಮಾತು ತೊದಲುವುದು, ಜಿಪ್ ಎಳೆಯಲು ಕೈ ಬಾರದಿರುವುದು ಚಳಿ ಒಳಗಿಳಿದ ಗುರುತು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಂತರೆ ಇನ್ನೂ ಅಪಾಯ. ಒದ್ದೆ ಬಟ್ಟೆ ತೆಗೆದು, ಕೆಳಗೆ ಚಾಪೆ ಹಾಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿ. ಪ್ರಜ್ಞೆ ಚೆನ್ನಾಗಿದ್ದರೆ ಬಿಸಿ ಬಿಸಿ ಸಿಹಿ ಚಹಾ ಕೊಡಿ. ರಮ್ ಕೊಡುವ ಬುದ್ಧಿವಂತಿಕೆ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಇದ್ದ ಕಾವನ್ನೂ ಹೊರಹಾಕುತ್ತದೆ.

ಸಣ್ಣಪುಟ್ಟವು: ನೀರಿನ ಬಾಟಲಿಯನ್ನು ತಲೆಕೆಳಗಾಗಿಡಿ, ಮಂಜುಗಡ್ಡೆ ಮೇಲಿಂದ ಕಟ್ಟುವುದರಿಂದ ಮುಚ್ಚಳ ಬಿಗಿಯಾಗದು. ಮೊಬೈಲು, ಪವರ್‌ಬ್ಯಾಂಕ್ ಒಳಜೇಬಿನಲ್ಲಿರಲಿ. ಹೊಸ ಹಿಮ ನೇರಳಾತೀತ ಕಿರಣದ ಶೇ 80ರಷ್ಟನ್ನು ಕಣ್ಣಿಗೆ ತಿರುಗಿ ಎಸೆಯಬಲ್ಲದು. ಪಕ್ಕವೂ ಮುಚ್ಚುವ ಕಪ್ಪು ಕನ್ನಡಕ ಶೋಕಿಯಲ್ಲ. ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಉರಿಯಲು ಮೊಂಡು ಹಿಡಿಯುತ್ತದೆಂದು ಒಲೆಯನ್ನು ಡೇರೆಯೊಳಗೆ ತರುವುದು, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವುದು ಜೀವಕ್ಕೇ ಕುತ್ತು. ಹಾಗೆ ಉರಿಯುವಾಗ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದ ಒಂಬತ್ತು ಮಂದಿ ತೀರಿಕೊಂಡರು. ಅದು ಬೇಸಿಗೆಯ ತಿಂಗಳು ಎಂಬುದನ್ನು ಡಿಸೆಂಬರಿನಲ್ಲಿ ಹೊರಡುವವರು ಗಮನಿಸಬೇಕು. ಗೆಳೆಯರ ಗುಂಪಿನಲ್ಲಿ ‘ವಾಪಸ್ ಹೋಗೋಣ’ ಎನ್ನಲು ಎಲ್ಲರಿಗೂ ಸಂಕೋಚ, ಅದರ ಮೇಲೆ ಕಟ್ಟಿದ ದುಡ್ಡಿನ ಸಂಕಟ. ಹಾಗಾಗಿ ತಿರುಗುವ ಗಂಟೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಳ್ಳಿ: ಹನ್ನೊಂದು ಎಂದರೆ ಹನ್ನೊಂದು, ಶಿಖರ ಕಣ್ಣೆದುರಿದ್ದರೂ. ನಿಧಾನದವರು ಮುಂದೆ, ಅನುಭವಿ ಕೊನೆಗೆ. ಒಬ್ಬರನ್ನು ಒಂಟಿಯಾಗಿ ಕೆಳಗೆ ಕಳುಹಿಸಬೇಡಿ.

ಚಾರಣ ಏರ್ಪಡಿಸುವವರಿಗೆ ಮುಂಗಡ ಕಳುಹಿಸುವ ಮೊದಲು ಕೆಲವನ್ನು ಬರಹದಲ್ಲೇ ಕೇಳಿ: ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ, ಅವರ ತರಬೇತಿ ಎಲ್ಲಿಯದು, ಆಮ್ಲಜನಕದ ಸಿಲಿಂಡರ್ ಮತ್ತು ಸ್ಟ್ರೆಚರ್ ಯಾವ ಶಿಬಿರದಲ್ಲಿರುತ್ತದೆ, ಹವಾಮಾನ ಕೆಟ್ಟರೆ ಹಣದ ಗತಿ ಏನು. ‘ಬನ್ನಿ ಸರ್, ಎಲ್ಲ ನೋಡ್ಕೋತೀವಿ’ ಎನ್ನುವವರಿಗೆ ಮುಂಗಡ ಕಟ್ಟಬೇಡಿ.

– ಕೆಲವು ಚಾರಣಿಗರು, ಶಿವಮೊಗ್ಗ