ಜಿ-ಕೋಡ್‌ಗೆ ಮೊದಲು ಮೈಕ್ರೋಮೀಟರ್ ಕಲಿಸಿ

ಮಾನ್ಯರೇ,

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ವರ್ಕ್‌ಶಾಪ್‌ಗಳಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಕೆಲಸ ಕೇಳಿಕೊಂಡು ಬರುವ ಎಷ್ಟೋ ಮಕ್ಕಳಿಗೆ ಯಂತ್ರಕ್ಕೆ ಆದೇಶ ಕೊಡುವ ಜಿ-ಕೋಡ್ ಬಾಯಿಪಾಠ. 25 ಮಿ.ಮೀ. ವ್ಯಾಸದ ಶಾಫ್ಟ್ (ದುಂಡು ಸರಳು) ಕೊಟ್ಟು ಅಳೆಯಿರಿ ಎಂದರೆ ತಡವರಿಸುತ್ತಾರೆ. ಅಲ್ಪಾವಧಿ ಕೋರ್ಸ್‌ಗಳು ಪ್ರೋಗ್ರಾಮಿಂಗ್‌ನಿಂದಲೇ ಶುರುವಾಗುವುದರ ಫಲವಿದು. ಹೊಸಬರಿಗೆ ಶಾಪ್‌ನಲ್ಲಿ ಮೊದಲು ಸಿಗುವುದು ಜಾಬ್ (ಯಂತ್ರದಲ್ಲಿ ಕಡೆಯುವ ಬಿಡಿಭಾಗ) ಕಟ್ಟುವ, ಬಿಚ್ಚುವ, ಅಳೆಯುವ, ಆಫ್‌ಸೆಟ್ (ಅಳತೆ ಸರಿಪಡಿಸಲು ಟೂಲ್‌ನ ಸ್ಥಾನಕ್ಕೆ ಮಾಡುವ ತಿದ್ದುಪಡಿ) ಕೊಡುವ ಕೆಲಸ.

ಎಡವುವುದೂ ಅಲ್ಲೇ. ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೋಮೀಟರಿನ ಸ್ಲೀವ್ (ತಿರುಗದ ಕೊಳವೆ) ಮೇಲೆ ಅರ್ಧ ಮಿಲಿಮೀಟರಿಗೊಂದು ಗೆರೆ. ಥಿಂಬಲ್ (ತಿರುಗಿಸುವ ಹಿಡಿ) ಮೇಲೆ 50 ಗೆರೆ, ಒಂದೊಂದೂ 0.01 ಮಿ.ಮೀ. ಆ ಅರ್ಧದ ಗೆರೆ ಕಣ್ತಪ್ಪಿದರೆ 24.98 ಇರುವ ಒಳ್ಳೆಯ ಜಾಬ್ 24.48 ಎಂದು ಕಾಣುತ್ತದೆ. ಗಾಬರಿಯಲ್ಲಿ ಆಫ್‌ಸೆಟ್ 0.50 ಏರಿಸಿದರೆ ಮುಂದಿನ ಜಾಬ್ 25.48. ಮೊದಲು ವರ್ನಿಯರ್ ಕ್ಯಾಲಿಪರ್‌ನಲ್ಲಿ ನೋಡಿಕೊಂಡರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಜಾಬ್ ಹಿಡಿದು ತಿರುಗಿಸುವ ಚಕ್‌ನಿಂದ ಆಗಷ್ಟೇ ತೆಗೆದ ಬಿಸಿ ಜಾಬನ್ನೂ ನಂಬಬಾರದು: 30–35 ಡಿಗ್ರಿ ಬಿಸಿ ಹೆಚ್ಚಿದ್ದರೆ 25 ಮಿ.ಮೀ. ಉಕ್ಕು ಸುಮಾರು 0.01 ಮಿ.ಮೀ. ಹಿಗ್ಗಿರುತ್ತದೆ.

ಇನ್ನು ಆಫ್‌ಸೆಟ್. ಜಾಬ್ ತಿರುಗಿಸಿ ಕಡೆಯುವ ಲೇತ್‌ನಲ್ಲಿ ಎಕ್ಸ್ ಅಕ್ಷದ ಲೆಕ್ಕ ಸಾಮಾನ್ಯವಾಗಿ ವ್ಯಾಸದ್ದು. 25.00 ಬೇಕಾದಲ್ಲಿ 25.04 ಬಂದರೆ ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತದ ತಿದ್ದುಪಡಿ) 0.04 ಪೂರ್ತಿ ಕಳೆಯಬೇಕು, ಅರ್ಧ ಮಾಡಬಾರದು. ಫ್ಯಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ‘ಇನ್‌ಪುಟ್’, ‘ಪ್ಲಸ್ ಇನ್‌ಪುಟ್’ ಎಂದು ಎರಡು ಕೀಗಳಿವೆ. ಆಫ್‌ಸೆಟ್‌ನಲ್ಲಿ ಆಗಲೇ ಮೈನಸ್ 0.12 ಇದೆ ಎನ್ನಿ. ಮೈನಸ್ 0.04 ಟೈಪ್ ಮಾಡಿ ‘ಪ್ಲಸ್ ಇನ್‌ಪುಟ್’ ಒತ್ತಿದರೆ ಮೈನಸ್ 0.16 ಆಗುತ್ತದೆ, ಅದು ಸರಿ. ಬರೀ ‘ಇನ್‌ಪುಟ್’ ಒತ್ತಿದರೆ ಹಳೆಯ ಅಂಕಿ ಅಳಿಸಿ ಮೈನಸ್ 0.04 ಕೂರುತ್ತದೆ, ಸಣ್ಣದಾಗಬೇಕಿದ್ದ ಜಾಬ್ 25.12ಕ್ಕೆ ಏರುತ್ತದೆ. ಈ ಎರಡು ಕೀಗಳ ವ್ಯತ್ಯಾಸ ಕಲಿಸಲು ಹತ್ತು ನಿಮಿಷ ಸಾಕು.

ಹೊಸ ಸೆಟ್ಟಿಂಗ್‌ನ ಮೊದಲ ಜಾಬ್‌ಗೆ ಹೊರವ್ಯಾಸದ ಆಫ್‌ಸೆಟ್‌ನಲ್ಲಿ 0.20 ಪ್ಲಸ್ ಇಟ್ಟುಕೊಳ್ಳಿ, ಬೋರಿಗಾದರೆ (ಒಳರಂಧ್ರ) ಮೈನಸ್. ಲೋಹ ಉಳಿದಿದ್ದರೆ ಅಳೆದು ಮತ್ತೆ ತೆಗೆಯಬಹುದು. ಪ್ರೋಗ್ರಾಮ್ ಒಂದೊಂದೇ ಸಾಲಾಗಿ ಓಡುವ ಸಿಂಗಲ್ ಬ್ಲಾಕ್ ಹಾಕಿ, ಕಡೆಯದಿರುವಾಗಿನ ವೇಗದ ಚಲನೆಯಾದ ರ‍್ಯಾಪಿಡನ್ನು ಶೇ. 25ಕ್ಕೆ ಇಳಿಸಿ, ಬೆರಳನ್ನು ಚಲನೆ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲೆಯೇ ಇಡಿ. ಟೂಲ್ ಜಾಬ್‌ನಿಂದ 5 ಮಿ.ಮೀ. ದೂರದಲ್ಲಿರುವಾಗ ಪರದೆಯಲ್ಲಿ ಇನ್ನೂ 50 ಮಿ.ಮೀ. ಚಲನೆ ಬಾಕಿ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ ಯಂತ್ರ ಹೊಂದಿಸುವ ಸೆಟ್ಟರ್‌ನನ್ನು ಕರೆಯಿರಿ. ಕಡೆದು ಬೀಳುವ ಲೋಹದ ಚಿಪ್ಸನ್ನು ಕೊಕ್ಕೆಯಿಂದಲೇ ಎಳೆಯಬೇಕು. ತಿರುಗುವ ಚಕ್ ಬಳಿ ಗ್ಲೌಸ್ ಹಾಕಲೇಬಾರದು.

ನಮ್ಮ ಕರಾವಳಿಯ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ಕೂಲಂಟ್ (ತಂಪಾಗಿಸುವ ಎಣ್ಣೆ-ನೀರಿನ ಮಿಶ್ರಣ) ತೆಳುವಾಗಿದ್ದರೆ, ಬೆವರಿದ ಬೆರಳು ತಾಗಿದ್ದರೆ, ಸಂಜೆ ಫಳಫಳ ಹೊಳೆಯುತ್ತಿದ್ದ ಜಾಬ್ ಮೇಲೆ ಬೆಳಗ್ಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು. ಕೂಲಂಟ್ ಬೆರೆಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಮುಗಿದ ಜಾಬ್‌ಗೆ ತುಕ್ಕು ತಡೆಯುವ ಎಣ್ಣೆ ಅದೇ ಶಿಫ್ಟ್‌ನಲ್ಲಿ ಬೀಳಬೇಕು.

ಐಟಿಐನಲ್ಲಿ 2 ವರ್ಷದ ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡ್ ಮಾಡಿದವರಿಗೆ ಮಾಮೂಲಿ ಲೇತ್‌ನಲ್ಲಿ ಕೈ ಪಳಗಿರುತ್ತದೆ. ಅಷ್ಟು ಸಮಯವಿಲ್ಲದವರು ಅಪ್ರೆಂಟಿಸ್ ಆಗಿ ಸೇರುವುದು ಲೇಸು. ಸಂಬಳ ಕಡಿಮೆಯಾದರೂ ಸೆಟ್ಟಿಂಗ್ ಕಲಿಸುವ ಶಾಪನ್ನೇ ಆರಿಸಿ, ಸೇರುವ ಮೊದಲೇ ಅದನ್ನು ಕೇಳಿ. ವರ್ಷಗಟ್ಟಲೆ ಯಂತ್ರ ಓಡಿಸುವ ಸೈಕಲ್ ಸ್ಟಾರ್ಟ್ ಬಟನ್ ಒತ್ತಿಸಿ, ಆಮೇಲೆ ‘ಇವನಿಗೆ ಏನೂ ಬರುವುದಿಲ್ಲ’ ಎನ್ನುವುದು ಅನ್ಯಾಯ.

ಕೋರ್ಸ್ ನಡೆಸುವವರು ಮೊದಲ ಎರಡು ವಾರ ಕಂಪ್ಯೂಟರ್ ಮುಚ್ಚಿಟ್ಟು, ರಿಜೆಕ್ಟ್ ಆದ ನೂರು ಜಾಬ್‌ಗಳನ್ನು ಮಕ್ಕಳಿಂದ ಅಳೆಸಲಿ. ಶಾಪ್ ಮಾಲೀಕರು ಜಾಬ್ ಬದಲಾಗುವಾಗಲೆಲ್ಲ ಹೊಸಬರನ್ನು ಸೆಟ್ಟರ್ ಪಕ್ಕ ನಿಲ್ಲಿಸಲಿ.

– ಸಿಎನ್‌ಸಿ ಸೆಟ್ಟರ್‌ಗಳು, ಬೈಕಂಪಾಡಿ, ಮಂಗಳೂರು