ಕಾಕಾ, ನಿಮ್ಮ ಹೆಸರು ಅಚ್ಚಾಗಿದೆ

ನಿನ್ನೆ ನಮ್ಮ ಲ್ಯಾಬಿನ ಸಂಶೋಧನೆಯ ಪೇಪರ್ ಪ್ರಕಟವಾಯಿತು. ಮೂರು ವರ್ಷ ಏನು ಮಾಡುತ್ತಿದ್ದೆ ಅಂತ ನಿಮಗೆಲ್ಲ ಗೊತ್ತೇ ಇದೆ. ರಕ್ತದ ಕ್ಯಾನ್ಸರ್, ಟ್ಯೂಬು, ಪಿಸಿಆರ್ ಟೆಸ್ಟು, ಮದುವೆ ಮನೆಗೆ ಎಲ್ಲರ ಊಟ ಆದ ಮೇಲೆ ಬರೋದು. ಅದನ್ನೆಲ್ಲ ಮತ್ತೆ ಬರೆಯಲ್ಲ.

ಗೈಡ್ ಮೇಡಂಗೆ, ಸೀನಿಯರ್ ಅಕ್ಕಂದಿರಿಗೆ, ಸ್ಯಾಂಪಲ್ ತಡವಾಗದ ಹಾಗೆ ಕಳಿಸುತ್ತಿದ್ದ ವಾರ್ಡಿನ ಸಿಸ್ಟರ್‌ಗಳಿಗೆ, ಎಷ್ಟು ಹೊತ್ತಾದರೂ ಎರಡು ರೊಟ್ಟಿ ಎತ್ತಿಡುತ್ತಿದ್ದ ನಮ್ಮವ್ವನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆದರೆ ಇದನ್ನು ಬರೆಯಲು ಕೂತಿದ್ದು ಒಬ್ಬರಿಗಾಗಿ. ನಮ್ಮ ಲ್ಯಾಬಿನ ಅಟೆಂಡರ್. ಎಲ್ಲರೂ ಕಾಕಾ ಅಂತೀವಿ. ಊರು ಕುರುಗೋಡಿನ ಕಡೆ.

ಹೋದ ವರ್ಷ ಮೇ ತಿಂಗಳು. ಬಳ್ಳಾರಿಯ ಮೇ ಗೊತ್ತಲ್ವಾ, ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತೆ. ಗಾಳಿ ಎದ್ದು ಕರೆಂಟ್ ಹೋಯಿತು. ಜನರೇಟರ್ ಶುರುವಾಗಲಿಲ್ಲ. ರೋಗಿಗಳ ರಕ್ತದ ಸ್ಯಾಂಪಲ್ ಇಡೋ ಮೈನಸ್ 80 ಡಿಗ್ರಿಯ ಫ್ರೀಜರ್ ಕೂಗೋಕೆ ಶುರು ಮಾಡಿತು. ಮೇಡಂ ಊರಲ್ಲಿರಲಿಲ್ಲ. ನಾನೊಬ್ಬಳೇ. ಹನ್ನೊಂದೂವರೆಗೆ ಮೈನಸ್ 61 ತೋರಿಸುತ್ತಿತ್ತು. ಐಸ್ ಫ್ಯಾಕ್ಟರಿಯಿಂದ ಐಸ್ ತರಲಾ ಅಂತ ವಾಚ್‌ಮನ್ ಕೇಳಿದರು, ಆದರೆ ಐಸ್ ಅಂದ್ರೆ ಸೊನ್ನೆ ಡಿಗ್ರಿ, ನಮಗೆ ಅದೂ ಬೆಂಕಿಯೇ. ನಾನು ಫ್ರೀಜರ್‌ಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಅತ್ತೆ.

ಮನೆಗೆ ಹೋಗಿದ್ದ ಕಾಕಾ ಒಂದು ಫೋನಿಗೆ ವಾಪಸ್ ಬಂದರು. ಮೊದಲ ಮಾತೇ, "ಬಾಗ್ಲ ತೆಗೀಬ್ಯಾಡವ್ವ." ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತರು. "ದನಕ್ಕ ಸೂಜಿ ಹಾಕೋರತ್ರ ಹೊಗೆ ಬರೋ ಡಬ್ಬಿ ಇರ್ತೈತಲ್ಲ, ಅದು ನಡೀತೈತೇನು?"

ಲಿಕ್ವಿಡ್ ನೈಟ್ರೋಜನ್! ಮೈನಸ್ 196 ಡಿಗ್ರಿ. ದನಕ್ಕೆ ಕೃತಕ ಗರ್ಭಧಾರಣೆ ಮಾಡೋರು ಹೋರಿಯ ವೀರ್ಯದ ಕಡ್ಡಿಗಳನ್ನು ಅದರಲ್ಲೇ ಇಟ್ಟಿರುತ್ತಾರೆ. ಮೂರು ವರ್ಷ ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ಕಾಕಾ ತಮ್ಮೂರಿನ ಅಳಿಯನನ್ನು ಎಬ್ಬಿಸಿದರು, ಅವರು ಇನ್ನೊಬ್ಬರನ್ನು ಎಬ್ಬಿಸಿದರು, ಎರಡು ಡಬ್ಬಿ ಬೈಕಿನ ಮೇಲೆ ಹೊರಟವು.

ಕಾಯುವಾಗ ಕಾಕಾ ಕೇಳಿದರು, ಇಷ್ಟು ರಕ್ತ ಇಟ್ಟುಕೊಂಡು ಏನು ಮಾಡ್ತೀರಿ ಅಂತ. ಮೂರು ವರ್ಷದಲ್ಲಿ ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದೆ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಅನ್ನೋ ಇಬ್ಬರು ನಾವು ನೋಡೋ ಇದೇ ಬಗೆಯ ರಕ್ತದ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಒಂದು ಗಿಡ್ಡ ಕ್ರೋಮೋಸೋಮ್, ಅಂದ್ರೆ ಜೀವಕೋಶದೊಳಗೆ ಜೀನ್‌ಗಳಿರೋ ಎಳೆ, ನೋಡಿದರು. ಅದರ ಜಾಡು ಹಿಡಿದು ಹೋಗಿ ಈ ಕಾಯಿಲೆಯ ಇಮ್ಯಾಟಿನಿಬ್ ಗುಳಿಗೆಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. "ನಲವತ್ತೊಂದು ವರ್ಷ! ಹಂಗಾದ್ರ ಬೆಳಗಾಗೋಮಟ ಕಾಯೋದೇನು ದೊಡ್ಡದು?"

ಡಬ್ಬಿಗಳು ಬಂದವು. ಅವುಗಳಲ್ಲಿ ಹಿಡಿಯೋದು 64 ಟ್ಯೂಬು ಮಾತ್ರ. ಚಿಕಿತ್ಸೆಗೆ ಮುಂಚೆ ತೆಗೆದವನ್ನೇ ಉಳಿಸಬೇಕು, ಗುಳಿಗೆ ಶುರುವಾದ ಮೇಲೆ ಅಂಥ ರಕ್ತ ಅದೇ ಮನುಷ್ಯನಿಂದ ಮತ್ತೆ ಸಿಗಲ್ಲ. ನಾನು ಟಾರ್ಚ್ ಬೆಳಕಲ್ಲಿ ಪಟ್ಟಿ ಹುಡುಕುತ್ತಿದ್ದರೆ ಕಾಕಾ ಬಾಯಲ್ಲೇ ಹೇಳಿದರು, ಮೂರನೇ ಖಾನೆ, ಎಡಗಡೆ, ಹಸಿರು ಟೇಪಿನ ಪೆಟ್ಟಿಗೆಗಳು. ಬಾಗಿಲು ಒಂದೇ ಸಲ ತೆರೆದೆವು. ಆವಿ ತುಂಬಿದರೆ ಉಸಿರು ಕಟ್ಟುತ್ತೆ ಅಂತ ಕಾಕಾ ಕಿಟಕಿಗಳನ್ನೆಲ್ಲ ಮೊದಲೇ ತೆಗೆದಿದ್ದರು. ಗಾಜ್ ಬಟ್ಟೆ ಕತ್ತರಿಸಿ ಚಿಕ್ಕ ಚೀಲ ಮಾಡಿ, ದಾರ ಕಟ್ಟಿ, ಒಂದೊಂದಾಗಿ ಇಳಿಬಿಟ್ಟರು.

ಮಧ್ಯೆ ಒಂದು ಟ್ಯೂಬು ಹಿಡಿದು ನನ್ನ ಕೈ ನಿಂತುಬಿಟ್ಟಿತು. ನಮಗೆ ಹೆಸರು ಬರಲ್ಲ, ಬರೇ ನಂಬರ್. ಆ ನಂಬರ್ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು, ಆಮೇಲೆ ಬರೋದು ನಿಂತಿತ್ತು. ಯಾಕೆ ಅಂತ ಡಾಕ್ಟರ್ ಹೇಳಿದ್ದರು.

"ಯಾರದವ್ವ ಇದು?"

"ಅವರು ಈಗ ಇಲ್ಲ ಕಾಕಾ."

"ಹಂಗಾದ್ರ ಇದನ್ನ ಮೊದ್ಲು ಹಾಕು."

ಇದನ್ನು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿರಲಿಲ್ಲ. ಬರೆಯುವಾಗಲೂ ಕೈ ನಡುಗುತ್ತಿದೆ.

ನಾಲ್ಕೂವರೆಗೆ ಮೆಕ್ಯಾನಿಕ್ ಬಂದು ಜನರೇಟರ್ ಎಬ್ಬಿಸಿದರು. ಮಿಕ್ಕ ಟ್ಯೂಬುಗಳೂ ಕರಗಿರಲಿಲ್ಲ. ಬೆಳಿಗ್ಗೆ ಮೋತಿ ಸರ್ಕಲ್ ಹತ್ತಿರ ಕಾಕಾ ವಗ್ಗಾಣಿ ಮಿರ್ಚಿ ಕೊಡಿಸಿದರು, ನನಗೆ ದುಡ್ಡು ಕೊಡೋಕೆ ಬಿಡಲಿಲ್ಲ, ಒಂಬತ್ತಕ್ಕೆ ಮತ್ತೆ ಡ್ಯೂಟಿಗೆ ಬಂದರು.

ಪೇಪರಿನಲ್ಲಿ ಯಾವ ಕಂಪನಿಯ ಕಿಟ್, ಯಾವ ಕಂಪನಿಯ ಯಂತ್ರ ಅಂತ ಬರೆಯುತ್ತೇವೆ. ಆ ಯಂತ್ರ ಇರೋ ಕೋಣೆ ಕಾಯುವವರ ಹೆಸರು ಬರೆಯಲ್ಲ. ಇದು ಸರಿಯಿಲ್ಲ ಅಂತ ಮೇಡಂಗೆ ಹೇಳಿದೆ. ಅವರು ಮರುಮಾತಾಡದೆ ಕೊನೆಯ ಪುಟದ ಕೃತಜ್ಞತೆಯಲ್ಲಿ ಕಾಕಾನ ಪೂರ್ತಿ ಹೆಸರು ಸೇರಿಸಿದರು, ತಂದೆಯ ಹೆಸರಿನ ಸಮೇತ.

ನಿನ್ನೆ ಆ ಪುಟ ಪ್ರಿಂಟ್ ತೆಗೆದು, ಅವರ ಹೆಸರಿನ ಕೆಳಗೆ ಪೆನ್ನಿನಲ್ಲಿ ಕನ್ನಡದಲ್ಲೂ ಬರೆದು ಕೊಟ್ಟೆ. ಎರಡು ಸಲ ಓದಿದರು. ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೋಗಿ ಫ್ರೀಜರ್ ನೋಡಿ ಪುಸ್ತಕದಲ್ಲಿ ಬರೆದರು. ಮೈನಸ್ 79.