ಆ ಪ್ಲೇಟ್ ಗುಜರಿಗೆ ಹಾಕಬ್ಯಾಡೋ ದೋಸ್ತಾ

ಲೇ ದೋಸ್ತಾ,

ನೀ ವಾಟ್ಸಾಪ್‌ದಾಗ ಕಳಿಸಿದ ಫೋಟೋ ಎಲ್ಲಾ ನೋಡ್ದೆ. ಫೋನಿನ್ಯಾಗ ಹೇಳಾಕ ಹೋದ್ರ ನೀ ನಡುವ ಬಾಯಿ ಹಾಕ್ತಿ, ಅದಕ್ಕ ಪತ್ರ ಬರ್ಯಾಕತ್ತೀನಿ, ಅದೂ ಎಲ್ಲಾರಿಗೂ ಕಾಣೂ ಹಂಗ, ಯಾಕಂದ್ರ ನಿಮ್ಮನಿಯಂಥಾ ಅಟ್ಟ ಗದಗ ಬೆಟಗೇರ್ಯಾಗ ಇನ್ನೂ ಭಾಳ ಅದಾವು.

ಮನಿ ಮಾರಾಕ ಹೊಂಟೀರಿ, ಟ್ರಂಕಿನ್ಯಾಗ ಅಜ್ಜನ ಗ್ರಾಮಫೋನ್ ಪ್ಲೇಟ್ ಸಿಕ್ಕಾವು, ಗುಜರಿಯವ ಕೆಜಿ ಲೆಕ್ಕದಾಗ ಕೇಳಾಕತ್ತಾನ, ನಿನ್ನ ಹೆಂಡ್ತಿ ಅವಕ್ಕ ತೂತು ಹೊಡದು ಗಡಿಯಾರ ಮಾಡಿಸೂಣು ಅಂತಾರ, ನೀ ನನ್ನ ಕೇಳ್ತಿ ಏನರ ರೇಟ್ ಬರ್ತೈತೇನು ಅಂತ. ರೊಕ್ಕದ ಮಾತು ಮೊದ್ಲ ಮುಗಿಸಿಬಿಡ್ತೀನಿ. ಹೆಚ್ಚೇನು ಬರಂಗಿಲ್ಲ. ಅರ್ಧಕ್ಕರ್ಧ ಸಾಮಾನ್ಯ ಸಿನಿಮಾ ಪ್ಲೇಟ್, ಎಲ್ಲಾರ ಮನ್ಯಾಗೂ ಇದ್ದವ. ಹಳೇದೆಲ್ಲಾ ಬಂಗಾರ ಅನ್ನೂ ಮಂದಿ ನಾ ಅಲ್ಲ, ಆ ಕಾಮಿಕ್ ಪ್ಲೇಟ್ ಎರಡು ಅದಾವಲ್ಲ, ಅವನ್ನ ಕೇಳಿದ್ರ ನಗಿ ಅಲ್ಲ, ನಿದ್ದಿ ಬರ್ತೈತಿ.

ಆದ್ರ ಒಂದು ಫೋಟೋ ದೊಡ್ಡದು ಮಾಡಿ ನೋಡು, ನಾಯಿ ಮಾರ್ಕಿನ ಲೇಬಲ್ ಮ್ಯಾಲೆ ಗಾಂಧಾರಿ ಅಂತ ಹೆಸರು ಐತಿ, ಹುಬ್ಬಳ್ಳಿ ಅಂತ ಊರು ಐತಿ. ಯಾರೋ ಕಂಪನಿ ನಾಟಕದಾಕಿ ಅಂತ ನೀ ಪಕ್ಕಕ್ಕ ಇಟ್ಟಿದ್ದಿಯಲ್ಲ, ಅವರು ನಮ್ಮ ಗಂಗೂಬಾಯಿ ಹಾನಗಲ್. 1930ರ ದಶಕದಾಗ ಮುಂಬೈಕ್ಕ ಹೋಗಿ ಎಚ್‌ಎಂವಿಗೆ, ಅಂದ್ರ ಆ ನಾಯಿ ಮಾರ್ಕಿನ ಕಂಪನಿಗೆ, ಹಾಡಿದಾಗ ಪ್ಲೇಟ್ ಮ್ಯಾಲೆ ಗಾಂಧಾರಿ ಹುಬಳೀಕರ ಅಂತ ಬರ್ತಿತ್ತು, ಹಾನಗಲ್ ಅನ್ನೂದು ಆಮ್ಯಾಲೆ ಬಂತು. ದೇಶಪಾಂಡೆ ನಗರದಾಗ ಅವರ ಮನಿ ಮುಂದ ಹಾದು ನಾವು ಕ್ರಿಕೆಟ್ ಆಡಾಕ ಹೋಗ್ತಿದ್ವಿ, ನೆನಪೈತೇನು. ಆಗ ಒಳಗಿಂದ ಕೇಳತಿದ್ದ ಆ ಗಂಡುದನಿ ಈ ಪ್ಲೇಟಿನ್ಯಾಗ ಇಲ್ಲ. ಇದರಾಗಿರೂದು ತೆಳ್ಳಗಿನ, ಚೂಪನ್ನ, ಹರೇದ ಹುಡುಗಿ ದನಿ, ಗಂಟಲಿಗೆ ಚಿಕಿತ್ಸೆ ಆಗಿ ದನಿ ದಪ್ಪ ಆಗೂಕಿಂತ ಮೊದ್ಲಿಂದು. ಆಗ ಅವರು ಬರೇ ಹಿಂದೂಸ್ತಾನಿ ಶಾಸ್ತ್ರೀಯದ ಖಯಾಲ್ ಅಲ್ಲ, ಮರಾಠಿ ಭಾವಗೀತೆನೂ ಹಾಡಿದ್ರು, ಜಿ.ಎನ್. ಜೋಶಿ ಅವರ ಜೋಡಿ ಹಾಡಿದ ಡ್ಯುಯೆಟ್ ಐತಿ, ಅದೇ ಜೋಶಿ ಮುಂದ ಎಚ್‌ಎಂವಿ ರೆಕಾರ್ಡಿಂಗ್ ಆಫೀಸರ್ ಆಗಿ ದೇಶದ ದೊಡ್ಡದೊಡ್ಡ ಗವಾಯಿಗಳನ್ನ ಸ್ಟುಡಿಯೋಕ್ಕ ಎಳಕೊಂಡು ಬಂದ್ರು.

ಇನ್ನ ನಾ ನಿಜವಾಗಿ ಹೇಳಬೇಕಂದಿದ್ದು. ಗಂಗೂಬಾಯಿ ಹುಟ್ಟಿದ್ದು 1913ರಾಗ, ಧಾರವಾಡದಾಗ, ಬೆಳದದ್ದು ಶುಕ್ರವಾರಪ್ಯಾಟ್ಯಾಗ. ಸಣ್ಣಾಕಿ ಇದ್ದಾಗ ಓಣ್ಯಾಗ ಎಲ್ಲೇ ಗ್ರಾಮಫೋನ್ ಹಚ್ಚಿದ್ರೂ ಬರಿಗಾಲಾಗ ಓಡತಿದ್ರಂತ, ಜೊಹರಾಬಾಯಿ ಆಗ್ರೇವಾಲಿ ಪ್ಲೇಟ್ ಕೇಳಾಕ. ಜೊಹರಾಬಾಯಿ ತೀರಿಕೊಂಡಿದ್ದೂ ಅದೇ 1913ರಾಗ! ಅಂದ್ರ ಈ ಹುಡುಗಿ ಹುಟ್ಟಿದ ವರ್ಷನ ಸತ್ತುಹೋದ ಹೆಣಮಗಳು, ಆಗ್ರಾದಾಕಿ, ಧಾರವಾಡದ ಓಣ್ಯಾಗ ಹಾಡಾಕತ್ತಿದ್ಲು. ಅಕಿ ಹಾಡಿದ ಕಾಲದಾಗ ಮೈಕ್ ಇಲ್ಲ, ಮೈಕಿನ ರೆಕಾರ್ಡಿಂಗ್ ಬಂದದ್ದು 1925ಕ್ಕ, ಅದಕ್ಕ ಮೊದ್ಲ ದೊಡ್ಡ ಕಹಳೆಯಂಥಾ ಹಾರ್ನಿನ ಮುಂದ ಬಾಯಿಟ್ಟು ಹಾಡಬೇಕು, ಆ ದನಿ ಒತ್ತಡಕ್ಕ ಸೂಜಿ ಅಳ್ಳಾಡಿ ಮೇಣದಾಗ ಗೀರು ಕೊರೀಬೇಕು, ತಂಬೂರಿ ಗಿಂಬೂರಿ ಅದರಾಗ ಹಿಡ್ಯಾಂಗಿಲ್ಲ, ಗಂಟಲಾಗ ಕಸುವು ಇದ್ದವರದ್ದಷ್ಟ ಉಳೀತು. ಮೂರು ನಿಮಿಷದಾಗ ಖಯಾಲ್ ಮುಗಿಸಬೇಕು. ಮಂದಿ ಅಂತಾರ, ಪ್ಲೇಟ್ ಬಂದು ಸಂಗೀತ ಕತ್ತರಿಸಿ ಹಾಕ್ತು ಅಂತ. ನಾ ಒಪ್ಪಂಗಿಲ್ಲ. ಜೊಹರಾಬಾಯಿದು ಕೇಳು, ಆಲಾಪದಾಗ ಸುಮ್ಮನ ಸುತ್ತಾಡೂದಿಲ್ಲ, ಬಂದ ಕೂಡ್ಲೆ ರಾಗದ ಕುತಗೀನ ಹಿಡೀತಾಳ, ಸರಸರ ಓಡೂ ಸ್ವರದ ತಾನ್‌ಗಳು ಒಂದರ ಮ್ಯಾಲೊಂದು, ಮುಗೀತು. ಮೂರು ತಾಸು ಹಾಡಾಕ ಬಂದವರಷ್ಟ ಹಂಗ ಮೂರು ನಿಮಿಷ ಹಾಡಾಕ ಸಾಧ್ಯ.

ಮತ್ತ ಈ ಹಾಡಿದವರು ಯಾರು? ಗೌಹರ್ ಜಾನ್, ಜೊಹರಾಬಾಯಿ, ಮತ್ತ ನಮ್ಮ ಕಡೆಯ ಗಂಗೂಬಾಯಿಯಂಥವರು. ಮಂದಿ ಇವರ ಹಾಡು ಕೇಳತಿದ್ರು, ಇವರನ್ನ ಮನಿಯೊಳಗ ಕರೀತಿದ್ದಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನ್ಯಾಗ ಗಾಂಧೀಜಿ ಮುಂದ ಸ್ವಾಗತ ಗೀತೆ ಹಾಡಿದ ಹುಡುಗಿ ಗಂಗೂಬಾಯಿ, ಆದ್ರ ಅಕಿಗೆ ಅಲ್ಲಿ ಇದ್ದ ಚಿಂತಿ ಏನಂದ್ರ, ಊಟದ ಪಂಕ್ತಿಯಿಂದ ಎಬ್ಬಿಸಿ ಬ್ಯಾರೆ ಕೂಡಸ್ತಾರೇನು ಅಂತ. ಈಗ ನಿಮ್ಮ ಅಜ್ಜನ ಮನಿ ನೆನಸ್ಕೊ. ನಿಮ್ಮ ಅಜ್ಜಿ ಮಡಿ ಎಂಥಾದ್ದು, ನಾವು ಶಾಲಿಯಿಂದ ಬಂದ್ರ ನಡುಮನಿ ದಾಟಗೊಡತಿದ್ದಿಲ್ಲ. ಅಂಥಾ ಮನ್ಯಾಗ ಅಜ್ಜ ಚಾವಿ ತಿರುವಿ ಪ್ಲೇಟ್ ಹಚ್ಚಿದ್ರ ಗಾಂಧಾರಿ ದನಿ ಪಡಸಾಲಿ ದಾಟಿ, ನಡುಮನಿ ದಾಟಿ, ಸೀದಾ ದೇವರಮನಿಗೆ ಹೋಗ್ತಿತ್ತು. ಅಜ್ಜಿ ಕಿವಿ ಏನು ಮುಚ್ಚಿಕೊಂಡಿರ್ತಾರೇನು? ಅದಕ್ಕ ಆ ಪ್ಲೇಟ್ ಮ್ಯಾಲೆ ನನಗ ಇಷ್ಟು ಆಸ್ಥೆ. ಹಾಡಿದಾಕಿಗೆ ಬಾಗಲಾ ಇಲ್ಲದ ಜಾಗಾಕ್ಕ ಹಾಡು ಹೋತು.

ಗೌಹರ್ ಜಾನ್‌ದು ಗೊತ್ತಲ್ಲ, 1902ರಾಗ ಕಲಕತ್ತಾದಾಗ ಹಾಡಿ ಕಡೀಕ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಇಂಗ್ಲಿಷಿನ್ಯಾಗ ಒದರಿದ್ದು. ಡೌಲಿಗೆ ಅಲ್ಲೋ, ಪ್ಲೇಟ್ ಅಚ್ಚಾಗತಿದ್ದದ್ದು ಜರ್ಮನಿಯ ಹ್ಯಾನೋವರ್‌ದಾಗ, ಅಲ್ಲಿಯವರಿಗೆ ಯಾವುದು ಯಾರದ್ದು ತಿಳೀಬೇಕಲ್ಲ, ಲೇಬಲ್ ಅದಲಿಬದಲಿ ಆಗಬಾರದಂತ. ಅಷ್ಟು ಮೆರೆದಾಕಿ ಕಡೀಕ ಮೈಸೂರಿಗೆ ಬಂದು 1930ರಾಗ ಅಲ್ಲೇ ತೀರಿಕೊಂಡ್ಲು.

ನಿನ್ನ ಕಟ್ಟಿನ್ಯಾಗ ಅಮೀರಬಾಯಿ ಕರ್ನಾಟಕಿದೂ ನಾಕು ಪ್ಲೇಟ್ ಕಾಣ್ತಾವು. ಬೀಳಗಿಯಾಕಿ. ಹೆಸರಿನ್ಯಾಗ ಕರ್ನಾಟಕಿ ಅಂತ ಇಟ್ಕೊಂಡು ಮುಂಬೈ ಸಿನಿಮಾ ಆಳಿದಾಕಿ, 1943ರ ಕಿಸ್ಮತ್ ಸಿನಿಮಾ ಕಲಕತ್ತಾದ ಒಂದೇ ಟಾಕೀಜಿನ್ಯಾಗ ಮೂರು ವರ್ಷದ ಮ್ಯಾಲೆ ಓಡ್ತು, ಅದರ ಹಾಡು ಇವರದು, ಮರುವರ್ಷ ರತನ್. ಲತಾ ಬರೂಕ್ಕಿಂತ ಮೊದ್ಲಿನ ದನಿ ಅದು, ಸ್ವಲ್ಪ ಮೂಗಿನ್ಯಾಗಿಂದು, ಸ್ವಲ್ಪ ಅಳು ಬೆರೆತದ್ದು. ನನಗ ಲತಾಕ್ಕಿಂತ ಇದ ಸೇರ್ತೈತಿ, ಬೈಬ್ಯಾಡ.

ಗದಗಿನವ ನೀ, ನಿನಗ ಭೀಮಣ್ಣನ, ಅಂದ್ರ ಭೀಮಸೇನ ಜೋಶಿ ಅವರ, ಕತಿ ಹೇಳೂದು ಬ್ಯಾಡ. ಅಂಗಡ್ಯಾಗ ಅಬ್ದುಲ್ ಕರೀಂ ಖಾನ್ ಸಾಹೇಬರ ಝಿಂಝೋಟಿ ರಾಗದ ಠುಮ್ರಿ ಪ್ಲೇಟ್ ಕೇಳಿ, ಹಿಂಗ ಹಾಡಬೇಕಂತ ಹುಡುಗ 1933ರಾಗ ಮನಿ ಬಿಟ್ಟು ಓಡಿದ್ದು. ಸುತ್ತಾಡಿ ಸುತ್ತಾಡಿ ಕಡೀಕ ಗುರು ಸಿಕ್ಕಿದ್ದು ಎಲ್ಲೆ? ಇಲ್ಲೇ ಕುಂದಗೋಳದಾಗ, ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರು. ಗಂಗೂಬಾಯಿನೂ ಹುಬ್ಬಳ್ಳಿಯಿಂದ ಟ್ರೇನ್ ಹತ್ತಿ ಅದ ಕುಂದಗೋಳಕ್ಕ ಪಾಠಕ್ಕ ಹೋಗ್ತಿದ್ರು. ಮನಸೂರ ಮಲ್ಲಿಕಾರ್ಜುನಪ್ಪನವರೂ ಎಚ್‌ಎಂವಿಗೆ ಮ್ಯೂಸಿಕ್ ಡೈರೆಕ್ಟರ್ ಆಗಿದ್ರು, ಧಾರವಾಡ ಆಕಾಶವಾಣಿ ಸುರು ಆಗಿದ್ದು 1950ಕ್ಕ, ಅಲ್ಲಿತನಾ ನಮ್ಮ ಮಂದಿಗೆ ಮನ್ಯಾಗ ಕುಂತು ಕೇಳಾಕ ಪ್ಲೇಟ್ ಬಿಟ್ಟು ಇದ್ದದ್ದು ಕಡಿಮಿ.

ಯೂಟ್ಯೂಬಿನ್ಯಾಗ ಐತಲ್ಲ ಅಂತಿ. ಐತಿ. ಆದ್ರ ಅರ್ಧಾ ಮಂದಿ ಚರಪರ ಸದ್ದು ತಗೀತೀವಂತ ಫಿಲ್ಟರ್ ಹಾಕಿ ಹಾಕಿ ಹಾಡಿದವರ ಉಸರನ್ನೂ ತಗದಿರ್ತಾರ. ಇನ್ನ ಹಾರ್ನ್ ಕಾಲದ ಪ್ಲೇಟ್ ಎಲ್ಲಾ ಕರೆಕ್ಟ್ ನಿಮಿಷಕ್ಕ 78 ಸುತ್ತಿನ ಸ್ಪೀಡಿನವು ಅಲ್ಲ, ಒಂದೊಂದು ಒಂದೊಂದು ತರ, ಅವನ್ನ ಕಣ್ಣು ಮುಚ್ಚಿ 78ಕ್ಕ ಓಡಿಸಿದ್ರ ದೊಡ್ಡ ಹೆಣಮಗಳು ಕೂಸಿನಂಗ ಕೇಳ್ತಾಳ, ಆಮ್ಯಾಲೆ ಹಳೇ ಮಂದಿ ದನಿ ಕೀರಲು ಅಂತ ನಾವ ಬೈಯೂದು.

ಈಗ ಕೆಲಸದ ಮಾತು ಕೇಳು. ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಹಚ್ಚಬ್ಯಾಡ, ಪ್ಲೇಟ್ ಅರಗಿಂದ ಮಾಡಿದ್ದು, ಬಡಿಗ್ಯಾರು ಪಾಲಿಶಿಗೆ ಅರಗು ಕರಗಸೂದು ಅದ ಸ್ಪಿರಿಟಿನ್ಯಾಗ, ಹಾಡ ಕರಗಿ ಹೋಗ್ತೈತಿ. ಮೆತ್ತನ್ನ ಬ್ರಷ್‌ನಿಂದ ಧೂಳಾ ತಗಿ ಸಾಕು. ನಿನ್ನ ಮಗನ ಹೊಸಾ ಟರ್ನ್‌ಟೇಬಲ್‌ದಾಗ ಹಚ್ಚಿ ನೋಡಬ್ಯಾಡ, ಅದರಾಗಿನ ಎಲ್‌ಪಿ ಸೂಜಿ, ಅಂದ್ರ ಆಮ್ಯಾಲೆ ಬಂದ ಪ್ಲಾಸ್ಟಿಕ್ ಪ್ಲೇಟಿನ ಸೂಜಿ, ಸಣ್ಣದು, 78ರ ಗೀರಿಗೆ ಮೂರು ಪಟ್ಟು ದಪ್ಪನ್ನ ಸೂಜಿ ಬೇಕು. ಅಜ್ಜನ ಗ್ರಾಮಫೋನ್ ಪೆಟಗಿ ಓಡಿದ್ರೂ ಆ ಡಬ್ಬಿಯೊಳಗಿನ ಹಳೇ ಪಿನ್ ಹಾಕಬ್ಯಾಡ, ಒಂದು ಬಾಜೂಕ್ಕ ಒಂದು ಹೊಸಾ ಪಿನ್ ಅಂತ ಲೆಕ್ಕ, ಜಿಪುಣತನಾ ಮಾಡಿ ಹಳೇ ಪಿನ್ನಿನ್ಯಾಗ ಓಡಿಸಿದವರ ಪ್ಲೇಟಿನ ಗೀರೆಲ್ಲಾ ಬೂದಿಬಣ್ಣ ಆಗಿರ್ತಾವು. ನಿಮ್ಮ ಅಜ್ಜನವು ಫೋಟೋದಾಗ ಕರ್ರಗ ಮಿಂಚಾಕತ್ತಾವು, ಭೇಷ್ ಮನಷಾ.

ಮುಂದಿನ ಐತವಾರ ಕಾರ್ ತಗೊಂಡು ಹುಬ್ಬಳ್ಳಿಗೆ ಬಾ, ನನ್ನ ಕಡೆ ದಪ್ಪ ಸೂಜಿ ಐತಿ, ಎಲ್ಲಾ ಕಂಪ್ಯೂಟರ್‌ಗೆ ಹತ್ತಸೂಣು. ತರೂಮುಂದ ಒಂದರ ಮ್ಯಾಲೊಂದು ಮಲಗಿಸಬ್ಯಾಡ, ಪುಸ್ತಕದಂಗ ನಿಲ್ಲಿಸಿ ನಡುವ ಹಳೇ ಸೀರಿ ತುರುಕು, ಲಕ್ಷ್ಮೇಶ್ವರದ ಕಡೆಯಿಂದ ಬರಬ್ಯಾಡ ರಸ್ತೆ ಹಾಳಾಗೈತಿ ಅಂತಾರ, ಅಣ್ಣಿಗೇರಿ ಮ್ಯಾಲೆ ಬಾ. ಹೆಂಡ್ತಿಗೆ ಗಡಿಯಾರ ಬೇಕ ಬೇಕಂದ್ರ ಆ ಎರಡು ಕಾಮಿಕ್ ಪ್ಲೇಟ್ ಕೊಡು, ನನ್ನದೇನು ತಕರಾರಿಲ್ಲ.

ನಿನ್ನ
ಹುಬ್ಬಳ್ಳಿ ದೋಸ್ತ